ಎರಡು ಅರಮನೆಗೆ ಒಬ್ಬಳೇ ಚಾಮರದವಳು

ಕಳೆದ ಭಾನುವಾರ ನಮ್ಮ ಪದ್ಮತ್ತೆ ಹೋಳಿಗೆ ತಿನ್ನದೆ ಊಟಕ್ಕೆ ಕೂತಲ್ಲಿಂದ ಎದ್ದುಬಿಟ್ಟರು. ನೀವು ಅತ್ತೆಯನ್ನು ಕಂಡವರಲ್ಲ, ಅದಕ್ಕೇ ಸುಮ್ಮನೆ ಓದುತ್ತಿದ್ದೀರಿ. ಎಪ್ಪತ್ತಾರು ವರ್ಷದ ಈ ಹೆಂಗಸಿಗೆ ಸಕ್ಕರೆ ಕಾಯಿಲೆಯೂ ಹೆದರುತ್ತದೆ.

ಆದದ್ದು ಇಷ್ಟು. ಹಲಸೂರಿನ ಅವರ ಮನೆಗೆ ಬೀಗಿತ್ತಿ ಲಲಿತಮ್ಮ ಊಟಕ್ಕೆ ಬಂದಿದ್ದರು. ಅತ್ತೆ ತಮ್ಮ ಹಳೇ ಕಥೆ ತೆಗೆದರು. ಹದಿನಾರನೇ ವಯಸ್ಸಿನಲ್ಲಿ ಸಿನಿಮಾದಲ್ಲಿ ರಾಜನ ಹಿಂದೆ ನಿಂತು ಚಾಮರ ಬೀಸಿದ್ದು. (ನಮಗೆಲ್ಲ ಬಾಯಿಪಾಠ.) ಲಲಿತಮ್ಮ ತುಪ್ಪ ಹಾಕಿಸಿಕೊಳ್ಳುತ್ತ ತಣ್ಣಗೆ ಅಂದರು, "ನೋಡಿದ್ ಸಿನಿಮಾನೇ ಮಾಡಿದ್ದು ಅಂದ್ಕೊಂಡಿರ್ತೀರಿ ಬಿಡಿ. ವಯಸ್ಸಾದ್ಮೇಲೆ ಹಾಗೇ ಆಗತ್ತೆ."

ಅತ್ತೆಯ ಮಗ ಉಪ್ಪಿನಕಾಯಿ ಕೇಳಿದ, ಸೊಸೆ ತರಲು ಎದ್ದಳು. ಅವರಿಗೂ ಒಳಗೊಳಗೇ ಅದೇ ಅನುಮಾನ. ನಿಜ ಹೇಳಲಾ? ನನಗೂ.

ಸಂಜೆ ಅತ್ತೆಯ ಫೋನ್ ಬಂತು. "ಪೇಪರ್‌ನಲ್ಲಿ ಬರೀತೀಯಲ್ಲ, ಆ ಸಿನಿಮಾ ಹುಡುಕ್ಕೊಡೇ. ಸುಳ್ಳುಗಾತಿ ಅನ್ನಿಸ್ಕೊಂಡು ಸಾಯೋಕೆ ನಂಗಿಷ್ಟ ಇಲ್ಲ." ನನ್ನ ಅನುಮಾನಕ್ಕೆ ನನಗೇ ನಾಚಿಕೆಯಾಯಿತು.

ಸಿನಿಮಾ ಸಿಕ್ಕಿತು. ಯಾರೋ ಪುಣ್ಯಾತ್ಮರು ಪೂರ್ತಿ ಅಪ್‌ಲೋಡ್ ಮಾಡಿದ್ದರು. ಕಪ್ಪು ಬಿಳುಪು, ಉದ್ದಕ್ಕೂ ಗೀರು ಬಿದ್ದ ಪ್ರಿಂಟು. (ಹೆಸರು ಹೇಳುವುದಿಲ್ಲ. ನೀವೆಲ್ಲ ನೋಡಿದರೆ ಅತ್ತೆಗೆ ದೃಷ್ಟಿಯಾಗುತ್ತದೆ.)

ಶನಿವಾರ ಎಲ್ಲರನ್ನೂ ಹೊರಮಾವಿನ ನಮ್ಮ ಫ್ಲಾಟಿಗೆ ಕರೆದೆ. ನಮ್ಮ ಟೀವಿ ದೊಡ್ಡದು ಎನ್ನುವುದು ನೆಪ. ಲಲಿತಮ್ಮನ ಮುಖ ನೋಡುವ ಆಸೆ ನನಗೆ. ಅತ್ತೆ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು ಬಂದು ಸೋಫಾದ ನಟ್ಟನಡುವೆ ಕೂತರು.

ರಾಜನ ಆಸ್ಥಾನ ಬಂತು. ಸಿಂಹಾಸನದ ಹಿಂದೆ ನಾಲ್ಕು ಹುಡುಗಿಯರು. ಎಡಗಡೆಯವಳು ತಾನೇ ಎಂದರು ಅತ್ತೆ. ಆದರೆ ನಾಲ್ವರೂ ನೆಲದಲ್ಲಿ ಸೂಜಿ ಹುಡುಕುವವರ ಹಾಗೆ ತಲೆ ತಗ್ಗಿಸಿ ನಿಂತಿದ್ದರು. ನಿಲ್ಲಿಸಿ ಝೂಮ್ ಮಾಡಿದೆ. ಜಡೆ ದೊಡ್ಡದಾಯಿತು, ಅಷ್ಟೆ.

ಲಲಿತಮ್ಮ ಒಂದು ಚಕ್ಕುಲಿ ಮುರಿದರು. ಅತ್ತೆಯ ಮಗ ಕಾಫಿ ಕುಡಿಯೋಣವೇ ಎಂದು ರಿಮೋಟಿಗೆ ಕೈ ಚಾಚಿದ.

ಅತ್ತೆ ರಿಮೋಟನ್ನು ಸೆರಗಿನಡಿ ಸೇರಿಸಿಕೊಂಡರು. ಶತ್ರುರಾಜನ ಅರಮನೆ ಬರುವವರೆಗೆ ಯಾರೂ ಏಳಕೂಡದಂತೆ. ಯಾಕೆ ಎಂದು ಕೇಳಿದ್ದಕ್ಕೆ ಆಗ ಬಾಯಿಬಿಟ್ಟರು. ಆ ಪ್ರೊಡ್ಯೂಸರ್‌ಗೆ ಎರಡು ಅರಮನೆ ಕಟ್ಟಿಸುವ ತಾಕತ್ತು ಇರಲಿಲ್ಲವಂತೆ. ಅದೇ ಕಂಬ, ಅದೇ ಸಿಂಹಾಸನ. ಪರದೆ ಬದಲಾಯಿಸಿದರೆ ಶತ್ರುದೇಶ ರೆಡಿ! ಅಂಗಿ ಹೊಲಿದವರು ಶಿವಾಜಿನಗರದ ದರ್ಜಿ ರಹೀಮ್ ಸಾಬರು. ಅತ್ತೆಯ ಬೀದಿಯ ನಾಲ್ಕು ಹುಡುಗಿಯರನ್ನು ಶೂಟಿಂಗಿಗೆ ಸೇರಿಸಿದವರೂ ಅವರೇ. ಮಂತ್ರಿಯ ಅಂಗಿಗೆ ಒಂದು ಮೈ ಹೂವಿನ ಬಟ್ಟೆ, ಇನ್ನೊಂದು ಮೈ ಪಟ್ಟೆ ಬಟ್ಟೆ ಇಟ್ಟು ಹೊಲಿದಿದ್ದರಂತೆ. ಒಳ್ಳೆಯ ರಾಜನ ಮಂತ್ರಿಗೆ ಹೂವು. ಅದನ್ನೇ ತಿರುವಿ ಹಾಕಿದರೆ ಕೆಟ್ಟ ರಾಜನ ಮಂತ್ರಿಗೆ ಪಟ್ಟೆ.

ಚಾಮರದ ಹುಡುಗಿಯರೂ ಎರಡೂ ಕಡೆ ಅವರೇ ನಾಲ್ವರು. ಎರಡನೇ ಅರಮನೆಗೆ ನಾಯಕನನ್ನು ಸರಪಳಿ ಬಿಗಿದು ತಂದಾಗ ಅವರು ಬೆಚ್ಚಿಬೀಳಬೇಕು, ಅಲ್ಲಿ ಮುಖ ಕಾಣಲೇಬೇಕು. ಅದಕ್ಕೇ ಮೊದಲನೆಯದರಲ್ಲಿ ಯಾರೂ ತಲೆ ಎತ್ತಕೂಡದೆಂದು ಡೈರೆಕ್ಟರ್ ಕಟ್ಟಪ್ಪಣೆ.

ಎಂಥಾ ತಲೆ ನೋಡಿ! ಒಂದು ಮದುವೆಗೆ ಉಟ್ಟ ಸೀರೆ ಇನ್ನೊಂದು ಮದುವೆಯ ಫೋಟೋದಲ್ಲಿ ಕಾಣಿಸಿದರೆ ಮಾನ ಹೋಯಿತೆಂದು ಕಮರ್ಷಿಯಲ್ ಸ್ಟ್ರೀಟಿಗೆ ಓಡುವವರು ನಾವು. (ನಾನೂ ಓಡಿದ್ದೇನೆ, ಅದೂ ಮೊನ್ನೆ.) ಸಾಬರು ಒಂದೇ ಅಂಗಿಯಲ್ಲಿ ಎರಡು ರಾಜ್ಯ ನಡೆಸಿದ್ದರು. ಹಳೇ ಸಿನಿಮಾಗಳಲ್ಲಿ ಶ್ರೀಮಂತರ ಮನೆಯ ಆ ಬಾಗಿದ ಮೆಟ್ಟಿಲು ನೆನಪಿದೆಯಲ್ಲ? ಎಷ್ಟು ಸಿಟ್ಟಿನ ಅಪ್ಪಂದಿರು ಅದೇ ಮೆಟ್ಟಿಲಿನಿಂದ ಇಳಿದರೋ, ನಾವು ಒಮ್ಮೆಯಾದರೂ ಗುರುತು ಹಿಡಿದೆವೇ?

ಇಂಟರ್ವಲ್ ಕಳೆದು ಶತ್ರುವಿನ ಅರಮನೆ ಬಂತು. ಪಟ್ಟೆ ಅಂಗಿಯ ಮಂತ್ರಿಯೂ ಬಂದ. "ಜೇಬು ನೋಡ್ರೋ," ಅಂದರು ಅತ್ತೆ. ನೋಡಿದೆವು. ತಿರುವಿ ಹಾಕಿದ ಅಂಗಿಯ ಒಳಜೇಬು ಹೊರಗೆ ನೇತಾಡುತ್ತಿತ್ತು! ನಾಯಕನನ್ನು ಎಳೆತಂದರು. ಚಾಮರದ ಹುಡುಗಿಯರು ತಲೆ ಎತ್ತಿದರು. ಮೂವರು ಬೆಚ್ಚಿಬಿದ್ದರು. ಎಡಗಡೆಯವಳು ಮಾತ್ರ ಆ ಜೇಬನ್ನೇ ನೋಡುತ್ತ, ನಗು ತಡೆಯಲಾರದೆ ಕೆಳತುಟಿ ಕಚ್ಚಿಕೊಂಡಿದ್ದಳು.

ಅದೇ ಚೂಪು ಮೂಗು, ಅದೇ ತುಟಿ ಕಚ್ಚುವ ಚಾಳಿ. ಪಕ್ಕದಲ್ಲಿ ಕೂತ ಅತ್ತೆಯೂ ಆ ಹೊತ್ತಿಗೆ ತುಟಿ ಕಚ್ಚಿಕೊಂಡೇ ಇದ್ದರು, ಕಣ್ಣಲ್ಲಿ ನೀರು.

ಲಲಿತಮ್ಮ ಎದ್ದು, ಕನ್ನಡಕ ಹಾಕಿಕೊಂಡು, ಟೀವಿ ಹತ್ತಿರ ಹೋಗಿ ನೋಡಿದರು. ಟೀವಿ ನೋಡಿದರು, ಅತ್ತೆಯನ್ನು ನೋಡಿದರು. "ನೀವೇ ಕಣ್ರೀ. ತಪ್ಪಾಯ್ತು," ಅಂದರು. ಅತ್ತೆ ದೊಡ್ಡ ಮನಸ್ಸು ಮಾಡಿ ಕ್ಷಮಿಸಿದರು. ಆಮೇಲೆ ಅದೇ ದೃಶ್ಯವನ್ನು ಆರು ಸಲ ಹಾಕಿಸಿದರು.

ನನಗೆ ಒಂದು ಮಾತ್ರ ಅರ್ಥವಾಗಲಿಲ್ಲ. ಮುಖ ಕಾಣುವುದು ಇಲ್ಲಿ, ಎಲ್ಲರೂ ನಂಬುವುದೂ ಇಲ್ಲಿ. ಇಷ್ಟು ವರ್ಷ ಈ ಎರಡನೇ ಅರಮನೆಯ ಸುದ್ದಿಯನ್ನೇ ಎತ್ತಲಿಲ್ಲವಲ್ಲ, ಯಾಕೆ? ಅಡುಗೆಮನೆಯಲ್ಲಿ ಮೆಲ್ಲಗೆ ಕೇಳಿದೆ.

ಅತ್ತೆ ಆಚೀಚೆ ನೋಡಿ ದನಿ ತಗ್ಗಿಸಿದರು. "ಬೆಳಿಗ್ಗೆ ಒಳ್ಳೇ ರಾಜನಿಗೆ ಬೀಸಿ, ಮಧ್ಯಾಹ್ನ ಅವನ ಶತ್ರುಗೂ ಬೀಸ್ದೆ ಅಂತ ಹೇಳ್ಕೊಳ್ಳೋಕೆ ನಾಚ್ಕೆ ಆಗಲ್ವೇನೇ?"

ಇಷ್ಟು ನಾಚಿಕೆ ಇಟ್ಟುಕೊಂಡವರು ನಮ್ಮಲ್ಲಿ ಎಲೆಕ್ಷನ್ನಿಗೆ ನಿಂತರೆ ಠೇವಣಿಯಾದರೂ ಉಳಿದೀತೇ?