ಕನ್ನಡಿಯ ಮೇಲಿನ ಕರಿಬಟ್ಟೆ

ದೆವ್ವ, ಶಕುನ ಇಂಥವನ್ನು ನಾನು ನಂಬಿದವನಲ್ಲ. ಹಾಗಂತ ಧೈರ್ಯವಂತ ಅಂದುಕೊಳ್ಳಬೇಡಿ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ಮನೆಗೆ ತಿರುಗಿ ಬರುವವರ ಪೈಕಿ ನಾನು. ಇರುವ ಚಿಂತೆಗಳ ನಡುವೆ ದೆವ್ವಗಳಿಗೆ ಜಾಗ ಉಳಿದಿರಲಿಲ್ಲ, ಅಷ್ಟೆ.

ಗಂಗಾವತಿಯ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಆಗ ವಿಕ್ಟೋರಿಯಾ ರಾಣಿಯ ಕಾಲದ ಕಾದಂಬರಿಯೊಂದು ಪಠ್ಯವಾಗಿತ್ತು. ಮಂಜು ಅಂದರೆ ಕಾರಟಗಿಯ ಅಕ್ಕಿ ಗಿರಣಿಯ ಹೊಗೆ ಎಂದುಕೊಳ್ಳುವ ಮಕ್ಕಳಿಗೆ ಅದರ ವಾತಾವರಣ ತಿಳಿಸಲು ನನ್ನದೊಂದು ಪದ್ಧತಿ: ಭಯ ಹುಟ್ಟಿಸುವ ಶಬ್ದಗಳಿಗೆಲ್ಲ ಪೆನ್ಸಿಲಿನಿಂದ ಸುತ್ತು ಹಾಕಿಸುವುದು. "ಇವನ್ನ ಹೊಡದ್ ಹಾಕ್ರಿ, ಅಂಜಿಕಿ ತಾನ ಹೋಗತೈತಿ. ಎಲ್ಲಾ ಬರೇ ಶಬ್ದದ ಆಟ" ಎನ್ನುತ್ತಿದ್ದೆ.

ಒಂದು ಬೇಸಿಗೆಯಲ್ಲಿ ನನ್ನ ಹೆಂಡತಿ ಗಿರಿಜಾ ಜ್ವರದಿಂದ ಕೊಪ್ಪಳದ ಆಸ್ಪತ್ರೆ ಸೇರಿದಳು. ಔಷಧಿ ಹತ್ತುತ್ತಿಲ್ಲ, ಸಂಜೆವರೆಗೆ ನೋಡೋಣ ಎಂದು ಡಾಕ್ಟರು ಹೇಳಿ ಹೋದರು. ಕೈಗೊಂದು ಕೆಲಸ ಬೇಕಲ್ಲ ಎಂದು ಚೀಲದಲ್ಲಿದ್ದ ಆ ಪುಸ್ತಕ ತೆಗೆದೆ. ಸಾಯಲಿರುವ ಹೆಂಗಸಿನ ಕೋಣೆಯ ವರ್ಣನೆ ಇರುವ ಪುಟವೇ ತೆರೆಯಬೇಕೆ? ಮನಸ್ಸಿನಲ್ಲೇ ಓದುತ್ತ ಸುತ್ತು ಹಾಕತೊಡಗಿದೆ.

"ರೀ, ಕಿಡಕಿ ಹಾಕ್ರಿ. ಮಂಜು ಒಳಗ ಬರಾಕತ್ತೈತಿ" ಎಂದಳು ಗಿರಿಜಾ.

ಹೊರಗೆ ಬಂಡೆ ಕಾಯುವ ಬಿಸಿಲು. ಜ್ವರದ ಬಡಬಡಿಕೆ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಮತ್ತೆ, "ಆ ಕನ್ನಡಿಗ್ಯಾಕ ಕರಿ ಬಟ್ಟಿ ಮುಚ್ಯಾರ?"

ಆ ಕೋಣೆಯಲ್ಲಿ ಕನ್ನಡಿ ಇರಲಿಲ್ಲ. ನನ್ನ ಪೆನ್ಸಿಲ್ ನಿಂತಿದ್ದ ಸಾಲಿನಲ್ಲಿ ಇತ್ತು. ಗಿರಿಜಾಗೆ ಇಂಗ್ಲಿಷ್ ಬಾರದು. ಆ ಕಥೆಯನ್ನು ನಾನು ಮನೆಯಲ್ಲಿ ಹೇಳಿದವನೂ ಅಲ್ಲ. ಪುಟ ತಿರುವಿದರೆ ಆ ಹೆಂಗಸು ಸಾಯುತ್ತಾಳೆ.

ತಿರುವಲಿಲ್ಲ. ಮಕ್ಕಳಿಗೆ ಹೇಳಿದ್ದನ್ನು ನಾನೇ ಮಾಡಿದೆ. ಗೀಟೆಳೆದು ಮಂಜನ್ನು ಹೊಡೆದು ಹಾಕಿದೆ. ಆರಿದ ಬೆಂಕಿ, ಕನ್ನಡಿ, ಕರಿಬಟ್ಟೆ, ಒಂದನ್ನೂ ಬಿಡಲಿಲ್ಲ. ಹೇಮಗುಡ್ಡದ ದುರ್ಗವ್ವನನ್ನು ಬೇಡಿಕೊಳ್ಳುತ್ತ ಇಂಗ್ಲಿಷ್ ಶಬ್ದಗಳನ್ನು ಹೊಡೆಯುತ್ತಿದ್ದ ನನ್ನನ್ನು ಕಂಡು ನರ್ಸ್, "ಪೇಪರ್ ತಿದ್ದೂದು ಇಲ್ಲೂ ಬಿಡಂಗಿಲ್ಲೇನ್ರಿ ಸರ್?" ಎಂದಳು. ನಾನು ಮುಂದಿನ ಸಾಲಿಗೆ ಹೋದೆ.

ಹೊಡೆಯಲು ಏನೂ ಉಳಿಯದಿದ್ದಾಗ ತಲೆ ಎತ್ತಿದೆ. ಗಿರಿಜಾಳ ಹಣೆ ಬೆವೆತಿತ್ತು. "ಭಾಳ ಶಕಿ. ಫ್ಯಾನ್ ಹಚ್ರಿ" ಎಂದಳು.

ಔಷಧಿ ಹತ್ತಿತು ಎಂದರು ಡಾಕ್ಟರು. ಇರಬಹುದು. ಅವಳಿಗೆ ಏನೂ ನೆನಪಿಲ್ಲ, ನಾನು ಕೆದಕಿಲ್ಲ. ಪಠ್ಯ ಬದಲಾಗಿ ವರ್ಷಗಳಾದವು, ಪುಸ್ತಕ ಕಪಾಟಿನಲ್ಲಿದೆ. ಅವಳಿಗೆ ನೆಗಡಿಯಾದರೂ ಸಾಕು, ಹೋಗಿ ಆ ಪುಟ ನೋಡುತ್ತೇನೆ. ಗೀಟು ಮಾಸಿದಂತೆ ಕಂಡರೆ ಅದರ ಮೇಲೆಯೇ ಮತ್ತೆ ಎಳೆಯುತ್ತೇನೆ.

"ಕಪಾಟಿನ್ಯಾಗ ಏನ್ ಇಟ್ಟೀರಿ ಅಂತಾದ್ದು?" ಎನ್ನುತ್ತಾಳೆ ಒಳಗಿನಿಂದ.

ಪೆನ್ನಿನಿಂದ ಒಮ್ಮೆ ಎಳೆದುಬಿಟ್ಟರೆ ಮುಗಿಯುತ್ತದೆ ಎಂದು ನನಗೂ ಗೊತ್ತು. ಆದರೆ ಅಂದು ಕೈಯಲ್ಲಿದ್ದದ್ದು ಪೆನ್ಸಿಲ್. ಬದಲಿಸಲು ಧೈರ್ಯ ಸಾಲುತ್ತಿಲ್ಲ.