ಹುಳುಮನೆಯಲ್ಲಿ ನಾನು ಆಡಿದ ಮಾತು

ರೇಷ್ಮೆಹುಳು ಸಾಕುವ ನಮ್ಮ ಮನೆಗಳಲ್ಲಿ ಒಂದು ಕಟ್ಟುಪಾಡು ಇದೆ. ಹುಳುಮನೆಗೆ ಹೋಗುವ ಮುಂಚೆ ಕೈಕಾಲು ತೊಳೆಯಬೇಕು, ಬಾಗಿಲಲ್ಲಿ ಹರಡಿದ ಸುಣ್ಣ ತುಳಿದು ಒಳಗೆ ಬರಬೇಕು, ಒಳಗೆ ಬಂದ ಮೇಲೆ ಕೆಟ್ಟ ಮಾತು ಆಡಬಾರದು. ಬೈಗುಳ ಕೇಳಿದ ಹುಳು ಸೊಪ್ಪು ಮುಟ್ಟುವುದಿಲ್ಲ ಎಂದು ನಮ್ಮವ್ವ ಹೇಳುತ್ತಿದ್ದಳು. ಎಸ್ಸೆಸ್ಸೆಲ್ಸಿವರೆಗೆ ಓದಿದ ನಾನು ಅದನ್ನು ನಂಬಿದ್ದೆನೋ ಇಲ್ಲವೋ, ಕೆಲಸಕ್ಕೆ ಬಂದವರಿಗೆ ಮಾತ್ರ ತಪ್ಪದೆ ಹೇಳುತ್ತಿದ್ದೆ. ಕೊನೆಗೆ ಅದನ್ನು ಮುರಿದವನು ನಾನೇ.

ನನ್ನ ಮೊಮ್ಮಗಳು ಬಿಡದಿಯಲ್ಲಿ ಜಪಾನಿ ಭಾಷೆ ಕಲಿಯುತ್ತಾಳೆ. ಅಲ್ಲಿನ ಕಾರ್ಖಾನೆಗಳಲ್ಲಿ ಆ ಭಾಷೆ ಬಂದವರಿಗೆ ಕೆಲಸ ಸಿಗುತ್ತದೆ. ಸಂಜೆ ನನ್ನ ಜೊತೆ ಹುಳುವಿನ ತಟ್ಟೆಗಳಿಗೆ ಸೊಪ್ಪು ಹಾಕುತ್ತ ಆ ದಿನದ ಪಾಠವನ್ನು ಬಾಯಲ್ಲಿ ಹೇಳಿಕೊಳ್ಳುತ್ತಿದ್ದಳು. ನಮ್ಮ ಗಿಜಿಗಿಜಿ, ಪಿತಪಿತದಂಥ ಮಾತುಗಳು ಅವರಲ್ಲಿ ರಾಶಿ ಇವೆಯಂತೆ. ಒಂದು ದಿನ ‘ಉಜ ಉಜ’ ಅಂದಳು.

“ಹಂಗಂದ್ರೆ ಏನವ್ವ?”

“ಒಂದೇ ಕಡೆ ಹುಳ ಒಂದರ ಮೇಲೊಂದು ಹರಿದಾಡ್ತವಲ್ಲ, ಅದು ತಾತ.”

“ನಮ್ ಹುಳದಂಗಾ?”

“ಊಹೂಂ. ನೋಡಿದ್ರೆ ಅಸಯ್ಯ ಆಗ್ಬೇಕು. ಊಜಿ ಮರಿಗಳು ಇರ್ತವಲ್ಲ, ಹಂಗೆ. ಊಜಿ ಅನ್ನೋದೂ ಅವ್ರ ಭಾಷೆದೇ ಅಂತೆ.”

ಊಜಿ ಅಂದರೆ ನಮ್ಮ ಹುಳುವಿನ ಮೈಮೇಲೆ ಮೊಟ್ಟೆ ಇಡುವ ನೊಣ. ಅದರ ಮರಿ ಹುಳುವಿನ ಒಳಗೇ ತಿಂದು ಬೆಳೆದು, ಗೂಡು ಕೊರೆದು ಕೆಳಗೆ ಬೀಳುತ್ತದೆ. ನೆಲದ ಮೇಲೆ ಬೆಳ್ಳಗೆ ಪಿತಗುಟ್ಟುವ ಆ ಮರಿಗಳನ್ನು ಪೊರಕೆಯಲ್ಲಿ ಗುಡಿಸಿದವನಿಗೆ ಉಜ ಉಜ ಎಂಬ ಮಾತನ್ನು ಬೇರೆ ಯಾರೂ ಬಿಡಿಸಿ ಹೇಳಬೇಕಿಲ್ಲ.

“ಮನುಷ್ಯರಿಗೂ ಅಂತಾರಾ?” ಎಂದು ಕೇಳಿದೆ.

“ಅಂತಾರೆ. ಬೇಡದ ಜನ ತುಂಬ್ಕೊಂಡಿದ್ರೆ. ಎದುರಿಗೆ ಮಾತ್ರ ಅನ್ನಂಗಿಲ್ಲ, ಬೈದಂಗಾಯ್ತದೆ.”

ಗೊತ್ತಿಲ್ಲದೆ ಆಡಿದೆ ಎಂದು ಹೇಳುವ ದಾರಿ ನನಗೆ ಇಲ್ಲ ಎಂದು ತಿಳಿಯಲಿ ಅಂತ ಇದನ್ನೆಲ್ಲ ಬರೆದೆ.

ನಮ್ಮ ಹಿತ್ತಲಿನ ಶೀಟಿನ ಮನೆಯಲ್ಲಿ ರಾಯಚೂರು ಕಡೆಯ ಒಂದು ಸಂಸಾರ ಇದೆ. ಗಂಡ ಗಾರೆ ಕೆಲಸಕ್ಕೆ ಹೋಗುತ್ತಾನೆ. ಹೆಂಡತಿ ನಮ್ಮಲ್ಲೇ ಸೊಪ್ಪು ಕೊಯ್ದು, ಹುಳುಗಳಿಗೆ ಹಾಕುತ್ತಾಳೆ. ಹೋದ ವರ್ಷ ಅವಳ ತಾಯಿ, ತಂಗಿ, ತಂಗಿಯ ಗಂಡ, ಮಕ್ಕಳು ಎಲ್ಲ ಕೆಲಸ ಹುಡುಕಿಕೊಂಡು ಅದೇ ಮನೆಗೆ ಬಂದಿಳಿದರು. ಬೆಳಿಗ್ಗೆ ಎದ್ದರೆ ನಲ್ಲಿಯ ಸುತ್ತ ಅವರೇ. ಹಿಪ್ಪುನೇರಳೆ ಗಿಡದ ಮೇಲೆ ಅವರ ಬಟ್ಟೆ. ನನಗೆ ಒಳಗೊಳಗೇ ಕಿರಿಕಿರಿ.

ಒಂದು ಬೆಳಿಗ್ಗೆ ಹುಳುಮನೆಯ ಕಿಟಕಿಯಿಂದ ಆ ಗುಂಪು ಕಂಡಿತು. ಮೊಮ್ಮಗಳಿಗೆ, “ನೋಡವ್ವ, ಉಜ ಉಜ” ಅಂದೆ. ಅವಳು ಕಿಸಕ್ಕನೆ ನಕ್ಕು, ತಕ್ಷಣ ಬಾಯಿ ಮುಚ್ಚಿಕೊಂಡಳು. ಸೊಪ್ಪಿನ ಕುಕ್ಕೆ ಹಿಡಿದು ಆ ಹೆಂಗಸು ನನ್ನ ಹಿಂದೆಯೇ ನಿಂತಿದ್ದಳು.

“ಏನಂದ್ರಿ ಅಜ್ಜಾರ? ನಮ್ ಮಂದೀನ ನೋಡಿ ಏನೋ ಅಂದ್ರಲ್ಲ?”

“ಜಪಾನ್ ಮಾತು ಕಣಮ್ಮ. ಮನೆ ತುಂಬ ಜನ ಇದ್ರೆ ಹಂಗಂತಾರೆ. ಒಳ್ಳೆ ಮಾತು.”

“ಹೌದೇನ್ರಿ! ಭಾಳ ಛಲೋ ಐತಲ್ರಿ!”

ಅವಳು ಅದನ್ನು ಮನೆಗೆ ಒಯ್ದಳು. ಮಕ್ಕಳು ಅಂಗಳದಲ್ಲಿ ಉಜ ಉಜ ಎಂದು ಕುಣಿಯತೊಡಗಿದವು. ದಿನವೂ ಒಳಗೆ ಬರುವಾಗ ಅವಳು, “ನಮ್ ಮನ್ಯಾಗ ಉಜ ಉಜ ಐತಿ, ನಿಮ್ ಹುಳದ ಮನ್ಯಾಗೂ ಇರ್ಲಿ ಅಜ್ಜಾರ” ಎಂದು ಹರಸಿ ಸೊಪ್ಪಿಗೆ ಕೈಹಾಕುತ್ತಿದ್ದಳು. ಅವಳ ತಾಯಿಗೂ ಆ ಮಾತು ಬಾಯಿಪಾಠವಾಯಿತು.

“ತಾತ, ಹೇಳ್ಬುಡು ಅವ್ಳಿಗೆ” ಎಂದು ಮೊಮ್ಮಗಳು ಕಾಡಿದಳು.

“ಹೋಗ್ಲಿ ಬುಡವ್ವ, ಅವಳ್ಗೆ ಯಾರು ಹೇಳ್ಬುಟ್ಟಾರು?”

ಹುಳು ಬಲಿತು ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡುವ ದಿನ ಮೊಮ್ಮಗಳ ಟೀಚರು ನೋಡಲು ಬಂದರು. ವಯಸ್ಸಾದ ಜಪಾನಿ ಹೆಂಗಸು. ಹೇಳುವ ಮುಂಚೆಯೇ ಕಾಲು ತೊಳೆದರು, ಸುಣ್ಣ ತುಳಿದು ಬಂದರು, ತಟ್ಟೆಯ ಮುಂದೆ ತಲೆ ಬಾಗಿಸಿದರು. ಅವರ ಅಜ್ಜಿಯೂ ಹುಳು ಸಾಕುತ್ತಿದ್ದರಂತೆ. ಅವರ ಊರಲ್ಲಿ ರೇಷ್ಮೆಹುಳುವನ್ನು ಹಿರಿಯರನ್ನು ಕರೆದ ಹಾಗೆ ಮರ್ಯಾದೆಯ ಮಾತು ಹಚ್ಚಿಯೇ ಕರೆಯುತ್ತಿದ್ದರು ಎಂದು ಮೊಮ್ಮಗಳು ಕನ್ನಡ ಮಾಡಿ ಹೇಳಿದಳು.

ಅಷ್ಟರಲ್ಲಿ ಬಾಗಿಲಾಚೆ ಶೀಟಿನ ಮನೆಯ ಹೆಂಗಸು ತನ್ನವರನ್ನೆಲ್ಲ ಕರೆತಂದು ಸಾಲಾಗಿ ನಿಲ್ಲಿಸಿದ್ದಳು. ಮಕ್ಕಳಿಗೆ ತಲೆ ಬಾಚಿದ್ದಳು.

“ಮೇಡಮ್ಮಾರ, ಇವ್ರೆಲ್ಲಾ ನಮ್ ಮಂದಿ. ಉಜ ಉಜ!” ಎಂದು ಕೈ ಬೀಸಿ ತೋರಿಸಿದಳು. ಮಕ್ಕಳೂ ದನಿಗೂಡಿಸಿದವು.

ಟೀಚರ ನಗು ನಿಂತಿತು. ಮೆಲ್ಲಗೆ ಮೊಮ್ಮಗಳನ್ನು ಏನೋ ಕೇಳಿದರು. ಎತ್ತಿದ ಕೈ ಇಳಿಸದೆ ಆ ಹೆಂಗಸು ಒಬ್ಬೊಬ್ಬರ ಮುಖವನ್ನೇ ನೋಡಿದಳು.

“ತಪ್ಪಾತೇನ್ರಿ?”

ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. ಬಿಟ್ಟೆ, ಆದರೆ ಮೊಮ್ಮಗಳಿಗೆ ಹೇಳಿದ್ದು, “ಅವಳ್ಗೆ ಸರ್ಯಾಗಿ ಗೊತ್ತಿಲ್ಲ, ಏನೋ ಅಂದ್ಬುಟ್ಳು ಅಂತ ಹೇಳವ್ವ.”

“ನಾನು ಹಂಗ್ ಹೇಳಾಕಿಲ್ಲ ತಾತ” ಎಂದವಳು ಟೀಚರ ಕಡೆ ತಿರುಗಿ ತಡೆತಡೆದು ತುಂಬ ಹೊತ್ತು ಮಾತಾಡಿದಳು. ಒಂದು ಮಾತೂ ನನಗೆ ಅರ್ಥವಾಗಲಿಲ್ಲ. ಟೀಚರು ನನ್ನನ್ನು ಒಂದು ಸಲ ನೋಡಿ, ಹೊರಗೆ ಹೋಗಿ, ಹುಳುಗಳ ಮುಂದೆ ಬಾಗಿದ ಹಾಗೆಯೇ ಆ ಸಾಲಿನ ಮುಂದೆ ತಲೆ ಬಾಗಿಸಿದರು.

ಟೀಚರು ಹೋದ ಮೇಲೆ ಶೀಟಿನ ಮನೆಯ ಬಾಗಿಲಿಗೆ ಹೋಗಿ, ಏನೂ ಮುಚ್ಚದೆ, ಊಜಿ ಮರಿಯ ಸಮೇತ ಎಲ್ಲ ಹೇಳಿ ಕೈಮುಗಿದೆ.

ಅವಳು ಅಳಲಿಲ್ಲ, ಬೈಯಲೂ ಇಲ್ಲ. “ಹುಳದ ಮುಂದ ನಿಂತು ಅಂದ್ರಲ್ರಿ ಅಜ್ಜಾರ. ಕೆಟ್ಟ ಮಾತ ಆಡಬ್ಯಾಡ ಅಂತ ನನಗ ದಿನಾ ಹೇಳಾವ್ರು ನೀವ” ಅಂದಳು. ಅಂಗಳದಲ್ಲಿ ಆಡುತ್ತಿದ್ದ ಮಕ್ಕಳ ಕಡೆ ತಿರುಗಿ, “ಹುಡುಗೂರಿಗೆ ಹೇಳಬ್ಯಾಡ್ರಿ. ಅವಕ್ಕ ಅದು ಛಲೋ ಮಾತ ಐತಿ” ಅಂದಳು.

ಆ ಸಂಜೆಯೂ ಬಂದು ಹಣ್ಣಾದ ಹುಳುಗಳನ್ನು ಒಂದೊಂದಾಗಿ ಎತ್ತಿ ಚಂದ್ರಿಕೆಗೆ ಬಿಟ್ಟಳು. ಈಗಲೂ ಬರುತ್ತಾಳೆ. ಹರಸುವುದು ಮಾತ್ರ ನಿಂತಿದೆ. ಒಳಗೆ ಅವಳು ಮಾತೇ ಆಡುವುದಿಲ್ಲ.

ಬೆಳಿಗ್ಗೆ ನಾನು ಕಾಲು ತೊಳೆಯುವಾಗ ಮಕ್ಕಳು ಓಡಿ ಬಂದು “ಅಜ್ಜಾ, ಉಜ ಉಜ!” ಎನ್ನುತ್ತವೆ. ನಾನೂ ಹಾಗೇ ಅನ್ನುವವರೆಗೆ ಬಿಡುವುದಿಲ್ಲ. ಅವಳು ಕುಕ್ಕೆ ಹಿಡಿದು ಬಾಗಿಲಲ್ಲಿ ನಿಂತು ನನ್ನ ಬಾಯನ್ನೇ ನೋಡುತ್ತಾಳೆ. ನಾನು ಆ ಮಾತನ್ನು ಅಂದು, ಸುಣ್ಣ ತುಳಿದು ಒಳಗೆ ಹೋಗುತ್ತೇನೆ.