ಚಾಲು ಅಂದರೆ ಸಾಕು

ನಾಟಕ ನೋಡುವುದು ನನಗೆ ಚಟ. ಮುಳಬಾಗಿಲಿನಲ್ಲಿ ಔಷಧಿ ಅಂಗಡಿ ನಡೆಸುತ್ತೇನೆ. ಭಾನುವಾರ ಮಧ್ಯಾಹ್ನ ಬಾಗಿಲು ಹಾಕಿ, ಸುತ್ತಮುತ್ತ ಎಲ್ಲಿ ನಾಟಕವಿದ್ದರೂ ಬಸ್ಸು ಹತ್ತುತ್ತೇನೆ. ಈ ಎರಡು ವರ್ಷಗಳಲ್ಲಿ ನೋಡಿದ ಮುಕ್ಕಾಲು ಪಾಲು ನಾಟಕಗಳು ಹೇಸಿಗೆ ಹುಟ್ಟಿಸಿವೆ. ಅದನ್ನು ಮೆದುವಾಗಿ ಹೇಳುವ ಮನಸ್ಸು ಈಗ ನನಗೆ ಉಳಿದಿಲ್ಲ.

ಶ್ರೀನಿವಾಸಪುರದಲ್ಲಿ ನೋಡಿದ ಪೌರಾಣಿಕ ನಾಟಕಕ್ಕೆ ಬಣ್ಣದ ಪರದೆಗಳ ಬದಲು ಎಲ್‌ಇಡಿ ಪರದೆ ತಂದಿದ್ದರು. ಕಾಡಿನ ದೃಶ್ಯಕ್ಕೆ ಯಾವುದೋ ಹೊರದೇಶದ ಕಾಡು. ರಾಣಿ ಬಿಸಿಲಿಗೆ ಪಾದ ಬೆಂದವೆಂದು ಅಳುತ್ತಿದ್ದರೆ ಅವಳ ಬೆನ್ನ ಹಿಂದೆ ಹಿಮ ಸುರಿಯುತ್ತಿತ್ತು. ನಡುವೆ ಪರದೆ ಕೆಟ್ಟು ‘ನೋ ಸಿಗ್ನಲ್’ ಎಂದು ಬಂತು. ಆ ನಾಟಕದಲ್ಲಿ ಅದೊಂದೇ ಪ್ರಾಮಾಣಿಕ ಮಾತು. ಮಾಲೂರಿನ ಹಾಸ್ಯ ನಾಟಕದಲ್ಲಿ ಸಂಭಾಷಣೆಯನ್ನೆಲ್ಲ ಮೊದಲೇ ರೆಕಾರ್ಡ್ ಮಾಡಿಟ್ಟು ನಟರು ಬರೀ ಬಾಯಿ ಆಡಿಸಿದರು. ಸೊಸೆಯ ಪಾತ್ರದವಳು ಕೆಮ್ಮು ಬಂದು ಬಾಯಿಗೆ ಸೆರಗು ಒತ್ತಿಕೊಂಡಳು. ಅವಳ ಧ್ವನಿ ಮಾತ್ರ ಅತ್ತೆಯನ್ನು ಬೈಯುತ್ತಲೇ ಇತ್ತು. ಇನ್ನು ನಮ್ಮೂರಿಗೇ ಬಂದ ನಗರದ ತಂಡವೊಂದು ಒಂದೂವರೆ ಗಂಟೆ ನೆಲದ ಮೇಲೆ ಹೊರಳಾಡಿ, ಮೈಮೇಲೆ ಕೆಸರು ಸುರಿದುಕೊಂಡು, ಅರ್ಥವಾಗದಿದ್ದರೆ ಅದು ನಮ್ಮ ತಪ್ಪೆಂಬ ಮುಖ ಮಾಡಿ ಕೈಮುಗಿಯಿತು.

ಇವು ಕೆಟ್ಟ ನಾಟಕಗಳು, ಅಷ್ಟೇ. ಬೈದು ಮನೆಗೆ ಹೋಗಿ ಮರೆಯಬಹುದು. ಕೋಲಾರದ ಆ ಮಧ್ಯಾಹ್ನವನ್ನು ಮರೆಯಲು ಆಗುತ್ತಿಲ್ಲ.

ಅಲ್ಲಿ ಗಂಧರ್ವನ ಪಾತ್ರ ಮಾಡಿದವನು ನನ್ನ ಅಮ್ಮನ ತಮ್ಮ, ಬೈರಕೂರಿನಲ್ಲಿ ಟೊಮೆಟೊ ಬೆಳೆಯುವ ಮಾಮ. ಐವತ್ತು ದಾಟಿದೆ. ಅವನ ಹಾಡು ಕೇಳಲೆಂದೇ ಜನ ಬರುತ್ತಾರೆ. ನಮ್ಮ ಮನೆಮಾತು ತೆಲುಗು. ಆದರೆ ಮುಖಕ್ಕೆ ಬಣ್ಣ ಬಿತ್ತೆಂದರೆ ಮಾಮನ ಬಾಯಲ್ಲಿ ತೆಲುಗಿನ ಒಂದಕ್ಷರ ಹೊರಡದು. ಟೀ ಬೇಕಾದರೂ ಕನ್ನಡದಲ್ಲೇ ಕೇಳುತ್ತಾನೆ. ಅದಕ್ಕೆ ಕಾರಣ ನಾನು. ಕಾಲೇಜಿಗೆ ಹೋಗುತ್ತಿದ್ದಾಗ, ರಂಗದ ಮೇಲೆ ಅವನು ಒಮ್ಮೆ ಬಾಯಿತಪ್ಪಿ ತೆಲುಗು ಆಡಿದ್ದಕ್ಕೆ ಮನೆಯವರೆಲ್ಲರ ಮುಂದೆ ಅಣಕಿಸಿ ನಗಾಡಿದ್ದೆ.

ಶಾಪ ಕಳೆದ ಗಂಧರ್ವ ಆಕಾಶಕ್ಕೆ ಏರುವುದು ಆ ನಾಟಕದ ಕೊನೆ. ಹಿಂದೆಲ್ಲ ಮಾಮ ಮೂರು ಮೆಟ್ಟಿಲಿನ ಮರದ ಪೀಠ ಹತ್ತಿ, ಕೈಯೆತ್ತಿ ಹಾಡುತ್ತಿದ್ದ. ಪರದೆ ಬೀಳುತ್ತಿತ್ತು. ಅವನು ಹೋದನೆಂದು ನಾವು ನಂಬುತ್ತಿದ್ದೆವು. ಈ ಸಲದ ಸಂಘಟಕನಿಗೆ ಅದು ಸಾಲಲಿಲ್ಲ. ಕಾರ್ಖಾನೆಗಳಲ್ಲಿ ಭಾರ ಎತ್ತುವ ಕರೆಂಟಿನ ಯಂತ್ರವೊಂದನ್ನು ಬಾಡಿಗೆಗೆ ತಂದು ರಂಗದ ಮೇಲಿನ ಕಬ್ಬಿಣದ ತೊಲೆಗೆ ಕಟ್ಟಿಸಿದ. ಅದನ್ನು ನಡೆಸಲು ಮಾಲೂರಿನಲ್ಲಿ ಕೆಲಸಕ್ಕಿದ್ದ ಒಬ್ಬ ಹುಬ್ಬಳ್ಳಿ ಕಡೆಯವನು ಬಂದಿದ್ದ. ಅರ್ಧ ಎತ್ತರಕ್ಕೆ ಎತ್ತಿ ನಿಲ್ಲಿಸುವುದು, ಮಾಮ ನಾಲ್ಕು ಸಾಲು ಹಾಡುವುದು, ಅವನು ಹೇಳಿದಾಗ ಮತ್ತೆ ಎತ್ತುವುದು, ಹೀಗೆಂದು ಗೊತ್ತುಮಾಡಿದ್ದರು. ವೇಷವಿಲ್ಲದೆ ಒಂದೇ ಸಲ ಎತ್ತಿ ನೋಡಿದ್ದರಂತೆ. ಅದೇ ತಾಲೀಮು.

ವೇಷದ ಮೇಲೆ ಬಿಗಿದು ಯಂತ್ರದ ಕೊಕ್ಕೆಗೆ ಸಿಕ್ಕಿಸಿದ ಸೊಂಟದ ಪಟ್ಟಿ ರೇಷ್ಮೆಯ ಮೇಲೆ ಜಾರಿ ಕಂಕುಳಿಗೆ ಬಂತು. ಅದು ಎದೆಕವಚವನ್ನು ಮೇಲಕ್ಕೆ ನೂಕಿತು, ಕವಚದ ಅಂಚು ಗಂಟಲಿಗೆ ಒತ್ತಿತು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ನಾಲ್ಕನೆಯ ಸಾಲಿನಲ್ಲಿ ಕೂತ ನನಗೆ ಕಂಡದ್ದು ನೀಲಿ ಬೆಳಕು, ಹೊಗೆ, ಅರ್ಧ ಎತ್ತರದಲ್ಲಿ ನಿಂತ ಮಾಮ. ಹಾಡು ಬರಲಿಲ್ಲ. ಒಂದು ಒಡಕು ಮಾತು ಬಂತು.

“ಚಾಲು!”

ತೆಲುಗಿನಲ್ಲಿ ಚಾಲು ಅಂದರೆ ಸಾಕು. ಹುಬ್ಬಳ್ಳಿಯವನಿಗೆ ಚಾಲು ಅಂದರೆ ಶುರು ಮಾಡು. ಅವನು ಗುಂಡಿ ಒತ್ತಿದ. ಮಾಮ ಇನ್ನೊಂದು ಮೊಳ ಮೇಲೆ ಹೋದ.

ನನಗೆ ಆ ಮಾತು ಮೊದಲ ಸಲಕ್ಕೇ ಅರ್ಥವಾಗಿತ್ತು. ಅರ್ಥವಾಗಿಯೂ ಮನಸ್ಸಿಗೆ ಬಂದದ್ದು, ಛೀ, ಗಂಧರ್ವನ ಬಾಯಲ್ಲಿ ತೆಲುಗು! ಮುಜುಗರದಿಂದ ತಲೆ ತಗ್ಗಿಸಿ ಕೂತೆ.

“ಚಾಲು! ಚಾಲು!”

ಯಂತ್ರ ಮತ್ತೆ ಗುಂಯ್ಗುಟ್ಟಿತು. ಜನ ಶಿಳ್ಳೆ ಹೊಡೆದರು. ನನ್ನ ಹಿಂದಿನ ಸಾಲಿನಲ್ಲಿ ಒಬ್ಬ, “ಏನ್ಲಾ, ನಿಜವಾಗ್ಲೂ ಒದ್ದಾಡೋ ಥರಾನೇ ಮಾಡ್ತಾನೆ ಕಣೋ!” ಎಂದ.

“ಲೇ, ಅವನಿಗೆ ಮೇಲಕ್ಕೆ ಹೋಗಕ್ಕೆ ಇಷ್ಟ ಇಲ್ಲ ಕಣೋ. ಹೆಂಡ್ತಿ ಅಲ್ಲೇ ಅವಳೇನೋ!” ಎಂದ ಅವನ ಜೊತೆಗಾರ. ಸಾಲಿಗೆ ಸಾಲೇ ನಕ್ಕಿತು.

ಆಗ ತಲೆಯೆತ್ತಿದೆ. ಮಾಮನ ಎರಡೂ ಪಾದಗಳು ಗಾಳಿಯಲ್ಲಿ ನೆಲ ಹುಡುಕುತ್ತಿದ್ದವು. ಅಷ್ಟು ಕೆಟ್ಟದಾಗಿ ಯಾರೂ ನಟಿಸುವುದಿಲ್ಲ.

ಓಡಿದೆ. ರಂಗದ ಪಕ್ಕದ ಮೆಟ್ಟಿಲಲ್ಲಿ ಎದೆಗೆ ಬ್ಯಾಡ್ಜು ಸಿಕ್ಕಿಸಿಕೊಂಡ ಸ್ವಯಂಸೇವಕರೊಬ್ಬರು ಕೈ ಅಡ್ಡ ಹಿಡಿದರು. “ಮೇಡಂ, ಶೋ ನಡೀತಾ ಇದೆ, ಕೂತ್ಕೊಳಿ. ಹಿಂದಿನೋರಿಗೆ ಕಾಣಲ್ಲ.” ಅವರನ್ನು ತಳ್ಳಿ ಒಳಗೆ ನುಗ್ಗಿದೆ.

“ನಿಲ್ಸಪ್ಪಾ! ಚಾಲು ಅಂದ್ರೆ ಸಾಕು ಅಂತ! ಸಾಕು ಅಂತ!”

ಯಂತ್ರದವನು ಕಕ್ಕಾಬಿಕ್ಕಿಯಾದ. “ಅವ್ರ ಚಾಲು ಚಾಲು ಅನ್ನಾಕತ್ತಾರಲ್ರೀ ಅಕ್ಕಾರ!”

“ಅದು ತೆಲುಗು! ಇಳ್ಸು!”

ಅವನು ಕೆಳಗಿನ ಗುಂಡಿಯನ್ನು ಎರಡೂ ಹೆಬ್ಬೆರಳಿನಿಂದ ಒತ್ತಿ ಹಿಡಿದ. ಮಾಮ ಬಂದು ನೆಲದ ಮೇಲೆ ಕುಸಿದ. ಆ ಮನುಷ್ಯನೇ ಓಡಿಬಂದು ಕವಚದ ದಾರಗಳನ್ನು ಕಿತ್ತ. ಮಾಮ ಉಸಿರು ಎಳೆದುಕೊಂಡ ಸದ್ದು ಮೈಕಿನಲ್ಲಿ ಸಭಾಂಗಣಕ್ಕೆಲ್ಲ ಕೇಳಿತು. ಅದಕ್ಕೂ ಚಪ್ಪಾಳೆ ಬಿತ್ತು. ಸಂಘಟಕ ಮೈಕು ಹಿಡಿದು ಮುಂದೆ ಬಂದು, ಇಂಥ ದೃಶ್ಯ ಈ ಜಿಲ್ಲೆಯಲ್ಲೇ ಮೊದಲು, ಇನ್ನೂ ಜೋರಾಗಿ ಬರಲಿ ಎಂದ. ಯಾರೋ “ಒನ್ಸ್ ಮೋರ್” ಎಂದು ಕೂಗಿದರು.

ಮಾಮನ ಎರಡು ಪಕ್ಕೆಲುಬು ಬಿರುಕು ಬಿಟ್ಟಿದ್ದವು. ಗಂಟಲು ಬಾತಿತ್ತು, ಹಾಡುವುದಿರಲಿ, ಮಾತೂ ಬೇಡ, ಧ್ವನಿ ಮೊದಲಿನಂತೆ ಬರುವುದೋ ಇಲ್ಲವೋ ಈಗಲೇ ಹೇಳಲಾಗದು ಎಂದರು ಡಾಕ್ಟರು. ಹುಬ್ಬಳ್ಳಿಯವನು ಆಸ್ಪತ್ರೆಯ ಬೆಂಚಿನ ಮೇಲೆ ತಲೆ ಹಿಡಿದು ಕೂತಿದ್ದ. ಸಂಘಟಕ ಅತ್ತ ತಲೆ ಹಾಕಲಿಲ್ಲ. ಮಾಮ ಒದ್ದಾಡಿದ ವಿಡಿಯೊಗೆ ಸಂಗೀತ ಸೇರಿಸಿ ಊರಿಗೆಲ್ಲ ಹಂಚಿದ. ಅಂಗಡಿಗೆ ಬರುವವರು “ರೆಂಡು ಚಾಲು” ಅನ್ನುತ್ತಾರೆ, ಎರಡು ಮಾತ್ರೆ ಸಾಕು ಎಂದು. ಪ್ರತಿ ಸಲವೂ ಮಾತ್ರೆ ಕತ್ತರಿಸುವ ನನ್ನ ಕೈ ನಿಂತುಬಿಡುತ್ತದೆ. ಆ ಪಾದಗಳು ಕಾಣುತ್ತವೆ. ನಾಲ್ಕನೆಯ ಸಾಲಿನಲ್ಲಿ ನಾನು ಇನ್ನೂ ತಲೆ ತಗ್ಗಿಸಿ ಕೂತಿರುತ್ತೇನೆ.

ತಿಂಗಳ ಮೇಲೆ ಮಾಮನನ್ನು ನೋಡಲು ಹೋದೆ. ಧ್ವನಿ ಇನ್ನೂ ಪಿಸುಮಾತಿಗಿಂತ ಮೇಲೆ ಬಂದಿರಲಿಲ್ಲ.

“ನಾನು ಕೂಗಿದ್ದು ನಿಂಗೆ ಯಾವಾಗ ತಿಳೀತೇ?” ಎಂದು ತೆಲುಗಿನಲ್ಲಿ ಕೇಳಿದ.

“ಮೊದಲನೇ ಸಲಕ್ಕೇ ಮಾಮ.”

“ಮತ್ತೆ?”

“ತೆಲುಗು ಬಂತಲ್ಲ ಅಂತ ನಾಚ್ಕೆ ಆಯ್ತು.”

ಅವನು ಪಕ್ಕೆ ಒತ್ತಿ ಹಿಡಿದು ಸದ್ದಿಲ್ಲದೆ ನಕ್ಕ. “ಪ್ರಾಣ ಹೋಗೋವಾಗ್ಲೂ ನಿನ್ನ ಹತ್ರ ಕನ್ನಡ ಪಾಸಾಗ್ಬೇಕೇನೇ!” ಅವನು ಬೈದಿದ್ದರೆ ವಾಸಿಯಿತ್ತು.

ಮೊನ್ನೆ ಸಂಘಟಕ ಫೋನು ಮಾಡಿದ. ಮುಳಬಾಗಿಲಿನಲ್ಲಿ ಅದೇ ನಾಟಕವಂತೆ, ಅಂಗಡಿಗೆ ಪೋಸ್ಟರು ಅಂಟಿಸಬೇಕಂತೆ.

“ಆ ಯಂತ್ರ?” ಎಂದೆ.

“ಅದೇ ಮೇಡಂ ಹೈಲೈಟು! ನಿಮ್ಮ ಮಾಮನಿಗೆ ತೊಂದ್ರೆ ಕೊಡಲ್ಲ ಬಿಡಿ. ಲಕ್ಕೂರಿನವರೊಬ್ರು ಒಪ್ಕೊಂಡಿದ್ದಾರೆ.”

“ಅವರ ಮನೇಲಿ ಏನು ಮಾತಾಡ್ತಾರೆ ಅಂತ ಕೇಳಿದ್ದೀರಾ?”

ನಮ್ಮ ಕಡೆ ಮನೆಮಾತು ಕೇಳುವುದೆಂದರೆ ಇನ್ನೇನನ್ನೋ ಕೇಳಿದಂತೆ. “ಛೇ ಛೇ, ಮೇಡಂ,” ಎಂದ, “ಓದ್ದೋರು ನೀವು. ಕಲಾವಿದರ ಜಾತಿ ಗೀತಿ ಎಲ್ಲ ನಾವು ಕೇಳಲ್ಲಪ್ಪ.”

ಲಕ್ಕೂರಿನವರ ನಂಬರು ಕೊಡಿ ಎಂದೆ. ಪೋಸ್ಟರಿನ ಆಸೆಗೆ ಕೊಟ್ಟ.

ಕೂಡಲೇ ಫೋನು ಮಾಡಿದೆ. ನಾಲ್ಕನೆಯ ರಿಂಗಿಗೆ ಫೋನು ಎತ್ತಿದ ದಪ್ಪ ಧ್ವನಿ “ಎವರು?” ಎಂದಿತು, ಯಾರು ಅಂತ ತೆಲುಗಿನಲ್ಲೇ. ಅಂಗಡಿಯ ಮುಂದೆ ನಿಂತಿದ್ದವರಿಗೆ ಸ್ವಲ್ಪ ಕಾಯಿರೆಂದು ಕೈ ತೋರಿಸಿ, ಸ್ಟೂಲು ಎಳೆದು ಕೂತು, ಪಟ್ಟಿ ಜಾರಿದ್ದರಿಂದ ಹಿಡಿದು ಎಲ್ಲವನ್ನೂ ಆತನಿಗೆ ತೆಲುಗಿನಲ್ಲಿ ಹೇಳತೊಡಗಿದೆ.